ತಡವಿ ನೋಡುವ ಕೆಲಸ

ಆಗ ನನಗೆ ನಲವತ್ತೇಳು ವರ್ಷ. ಅದಾಗಿ ಹದಿನೆಂಟು ವರ್ಷವಾಯಿತು. ಹಿಂದೂಪುರದ ಹೊರಗೆ ಬನಿಯನ್ನು, ಟೀಶರ್ಟು ಹೊಲಿಯುವ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೆ. ಹೊಲಿಯುವ ಕೆಲಸವಲ್ಲ. ಸಾಯಂಕಾಲ ಹೆಂಗಸರು ಮನೆಗೆ ಹೊರಡುವಾಗ ಒಬ್ಬೊಬ್ಬರ ಮೈ ತಡವಿ, ಏನಾದರೂ ಕದ್ದೊಯ್ಯುತ್ತಿದ್ದಾರಾ ಎಂದು ನೋಡುವ ಕೆಲಸ. ಆ ವರ್ಷ ಲಕ್ಷ್ಮೀದೇವಿ ಎಂಬ ಹುಡುಗಿಗೆ ಕಳ್ಳಿ ಎಂಬ ಹೆಸರು ತಂದವಳು ನಾನು. ಅವಳು ಕಳ್ಳಿಯಲ್ಲ ಎಂದು ಆಗಲೇ ನನಗೆ ಗೊತ್ತಿತ್ತು.

ಈಗ ಆ ಗೇಟಿಗೆ ಹೊಸ ಹುಡುಗಿಯರು ಬಂದಿದ್ದಾರೆ. ಒಬ್ಬಳು ನಮ್ಮ ಚರ್ಚಿನವಳು. "ಅಜ್ಜಿ, ಈ ಕೆಲ್ಸ ಹೆಂಗ್ ಮಾಡೋದು, ಹೇಳ್ಕೊಡಿ" ಎಂದಳು. ಬಾಯಲ್ಲಿ ಹೇಳಿದರೆ ನಕ್ಕು ಮರೆಯುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಅಕ್ಷರ ಬಂದದ್ದು ಸಂಡೇ ಸ್ಕೂಲಿನಲ್ಲಿ, ಅಷ್ಟೇ. ತವರು ಗೌರಿಬಿದನೂರಿನ ಕಡೆ, ಹಾಗಾಗಿ ಓದುವುದು ಕನ್ನಡದಲ್ಲಿ. ಮದುವೆಯಾಗಿ ಬಂದ ಮೇಲೆ ಹಾಡುವುದು ತೆಲುಗಿನಲ್ಲಿ. ತಪ್ಪಿದ್ದರೆ ತಿದ್ದಿಕೊಳ್ಳಿ.

ಮೊದಲು ಆ ಗೇಟಿನಲ್ಲಿ ಗಂಡಸು ವಾಚ್‌ಮನ್ ಇದ್ದ. ಬ್ಯಾಗು ನೋಡುತ್ತೇನೆಂದು ಎಲ್ಲೆಲ್ಲೋ ಕೈ ಹಾಕಿದ. ಒಂದು ದಿನ ಹೆಂಗಸರೆಲ್ಲ ಮಿಷಿನ್ ನಿಲ್ಲಿಸಿ ಅಂಗಳದಲ್ಲಿ ಕೂತುಬಿಟ್ಟರು. ಆಗ ಕಂಪನಿಗೆ ಒಬ್ಬ ಹೆಂಗಸು ಬೇಕಾಯಿತು. ನಾನು ಅಲ್ಲೇ ಕಸ ಗುಡಿಸುತ್ತಿದ್ದೆ. ಸೆಕ್ಯೂರಿಟಿಗೆ ಮುಖ್ಯಸ್ಥರಾಗಿದ್ದವರು ಮಿಲಿಟರಿಯಿಂದ ಬಂದವರು. ಅವರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, ಎಲ್ಲರಿಗೂ ಸುಬೇದಾರ್ ಸಾರ್. ನನ್ನನ್ನು ಕರೆದು ಕೇಳಿದರು.

"ಏಮ್ಮಾ ಸುವಾರ್ತಮ್ಮ, ನೀನು ಚರ್ಚಿಗೆ ಹೋಗೋಳಲ್ವಾ?"

"ಹೂಂ ಸಾರ್."

"ಸುಳ್ಳು ಹೇಳಲ್ಲ ತಾನೇ?"

"ಹೇಳ್ತೀನಿ ಸಾರ್. ಬೇಕಾದಾಗ."

ಅವರು ಮೀಸೆಯಡಿ ನಕ್ಕರು. "ಅಂಗಾದ್ರೆ ಬೇರೆಯೋರು ಹೇಳೋದೂ ಗೊತ್ತಾಯ್ತದೆ. ನಾಳೆಯಿಂದ ಗೇಟಿಗೆ ಬಾ."

ಕೆಲಸ ಕಲಿಸಿದ್ದೂ ಅವರೇ, ತಮ್ಮದೇ ಅಂಗಿಯ ಮೇಲೆ ತೋರಿಸಿ. ಅಂಗೈಯಿಂದ ತಡವಬಾರದು, ಕೈಯ ಹಿಂಬದಿಯಿಂದ ತಡವಬೇಕು. ಅಂಗೈ ಹಾಕಿದರೆ ಹಿಡಿದಂತೆ, ಹಿಂಬದಿ ಹಾಕಿದರೆ ಒರೆಸಿದಂತೆ. ಭುಜದಿಂದ ಶುರುಮಾಡಿ ಕೆಳಗೆ ಇಳಿಯಬೇಕು, ಕೆಳಗಿನಿಂದ ಮೇಲೆ ಹೋಗಬಾರದು. ತಡವುವಾಗ ಕಣ್ಣು ಮೈಮೇಲೆ ಇರಬಾರದು, ಮುಖದ ಮೇಲಿರಬೇಕು. ಕದ್ದವಳ ಸೊಂಟ ಸುಮ್ಮನಿರುತ್ತದೆ, ಮುಖ ಸುಮ್ಮನಿರುವುದಿಲ್ಲ. ಇಷ್ಟು ಅವರು ಹೇಳಿದ್ದು. ನಾನೇ ಕಲಿತದ್ದು ಒಂದಿದೆ: ಚಳಿಗಾಲದಲ್ಲಿ ಮೊದಲು ಕೈ ಉಜ್ಜಿ ಬಿಸಿಮಾಡಿಕೊಳ್ಳಿ. ತಣ್ಣನೆ ಕೈ ತಗುಲಿದರೆ ಎಂಥ ಸಾಧುವೂ ಬೆಚ್ಚುತ್ತಾಳೆ, ನೀವು ಕಳ್ಳಿ ಅಂದುಕೊಳ್ಳುತ್ತೀರಿ.

ಮನುಷ್ಯರು ಏನೇನು ಬಚ್ಚಿಡುತ್ತಾರೆ ಎಂಬುದು ನನಗೆ ದಿನವೂ ಹೊಸದಾಗಿ ಕಾಣುತ್ತಿತ್ತು. ಒಬ್ಬಳು ತುರುಬಿನೊಳಗೆ ಗುಂಡಿಗಳನ್ನು ಸೇರಿಸಿ ಮೇಲೆ ಕನಕಾಂಬರ ಮುಡಿದಿದ್ದಳು. ಇನ್ನೊಬ್ಬಳ ಬ್ಲೌಸಿನಲ್ಲಿ ಕಾಗದ ಸಿಕ್ಕಿತು, ಗಂಡನದಲ್ಲ. ಮಡಿಸಿ ಅಲ್ಲೇ ಇಟ್ಟೆ. ಕಾಗದ ಕಂಪನಿ ಮಾಲಲ್ಲವಲ್ಲ. ನರಸಮ್ಮ ಎಂಬ ದಪ್ಪನೆಯ ಹೆಂಗಸು ಒಂದು ದಿನ ಸಾಲಿನಲ್ಲಿ ಒಂಟಿಕಾಲಲ್ಲಿ ಕುಣಿಯುತ್ತಿದ್ದಳು. ಸೆರಗಿನ ಒಳಗೆ ಕೈಯಾಡಿಸಿದರೆ ಬಿಸಿಬಿಸಿ. ಓವರ್‌ಟೈಮಿನವರಿಗೆಂದು ಕ್ಯಾಂಟೀನಿನಲ್ಲಿ ಆಗತಾನೇ ಕಟ್ಟಿದ ರಾಗಿಮುದ್ದೆ, ಎರಡು. ಊಟವನ್ನು ಹೊರಗೆ ಒಯ್ಯುವಂತಿಲ್ಲ ಎಂಬ ನಿಯಮವಿತ್ತು.

"ಸುಡ್ತಾ ಐತಾ?" ಅಂದೆ.

"ಎದೆ ಬೆಂದೋಯ್ತು ಕಣಕ್ಕ, ಬೇಗ ಬುಡು."

"ನಾನು ಬಟ್ಟೆ ಹುಡುಕೋಳು. ಮುದ್ದೆ ಹುಡುಕೋಕೆ ಬೇರೆಯೋರ್‌ನ ಇಟ್ಕೊಳ್ಲಿ. ನಡಿ."

ಬಸುರಿಯಾದದ್ದು ಗಂಡನಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಹೊಡೆತ ತಿಂದದ್ದೂ ಅಷ್ಟೆ. ಮುಟ್ಟಿದ ತಕ್ಷಣ ಮೈ ಒಳಕ್ಕೆ ಎಳೆದುಕೊಳ್ಳುತ್ತದೆ. ಕೈಗೆ ಸಿಕ್ಕ ಗುಟ್ಟನ್ನು ಬಾಯಿಗೆ ಕೊಡಬೇಡಿ. ಹಾಗೆಂದು ಬಾಯಿ ಬಿಡಬೇಕಾದ ಕಡೆ ಮುಚ್ಚಿಕೊಳ್ಳಲೂಬೇಡಿ. ಎರಡರ ನಡುವಿನ ಗೆರೆ ಎಲ್ಲಿದೆಯೋ ನನಗೂ ಸರಿಯಾಗಿ ಗೊತ್ತಾಗಲಿಲ್ಲ.

ಒಂದು ವಿಷಯದಲ್ಲಿ ಜಗಳವಾಡಿದೆ. ಹೊಲಿಯುವವರನ್ನು ತಡವಬೇಕು, ಆಫೀಸಿನ ಹೆಂಗಸರು ಬ್ಯಾಗು ಬೀಸಿಕೊಂಡು ಪಕ್ಕದಿಂದ ಹೋಗಬಹುದು. ಯಾಕೆ ಎಂದು ಕೇಳಿದೆ. ಸುಬೇದಾರ್ ಸಾರ್ ತಲೆ ಕೆರೆದುಕೊಂಡು, "ರೂಲ್ಸಿನಲ್ಲಿ ಎಲ್ಲ ಹೆಂಗಸರು ಅಂತಾನೇ ಐತೆ" ಅಂದರು. ಅಷ್ಟು ಸಾಕಾಯಿತು. ಮಾರನೆಯ ದಿನ ಕಂಪ್ಯೂಟರ್ ಮೇಡಂ ಬಂದಾಗ ಕೈ ಅಡ್ಡ ಇಟ್ಟೆ. ಆಕೆ ಕೆಂಪಗಾದರು.

"ನಾನ್ಯಾರು ಗೊತ್ತಾ?"

"ಗೊತ್ತು ಮೇಡಂ. ಹೆಂಗ್ಸು. ಬೋರ್ಡ್ ನೋಡಿ, ಇದು ಹೆಂಗಸ್ರ ಗೇಟು."

ಹಿಂದೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ಆಕೆಯ ಹತ್ತಿರ ಏನೂ ಸಿಗಲಿಲ್ಲ. ಸಿಗಬೇಕೆಂದೂ ಇರಲಿಲ್ಲ. ಅಂದಿನಿಂದ ಹೊಲಿಯುವವರು ನನ್ನ ಕೈಗೆ ಮುಖ ಸಿಂಡರಿಸುವುದನ್ನು ಬಿಟ್ಟರು. ಎಲ್ಲರಿಗೂ ಒಂದೇ ಕೈ ಅಂದರೆ ಜನ ಸಹಿಸಿಕೊಳ್ಳುತ್ತಾರೆ.

ಚರ್ಚಿನಲ್ಲಿ ಬೇರೆ ಪಾಡು. "ಭಾನುವಾರ ಕೈ ಜೋಡಿಸ್ತಾಳೆ, ಸೋಮವಾರ ಅದೇ ಕೈಲಿ ಜನರ ಸೊಂಟ ಸವರ್ತಾಳೆ" ಎಂದು ಹಿಂದಿನ ಬೆಂಚಿನಲ್ಲಿ ಆಡಿಕೊಳ್ಳುತ್ತಿದ್ದರು. ನಾನು ತಿರುಗಿ, "ನೀವೂ ಬನ್ನಿ, ನಿಮ್ ಸೊಂಟದಲ್ಲಿ ಏನೈತೆ ನೋಡಾನ" ಎನ್ನುತ್ತಿದ್ದೆ. ಆದರೆ ಒಳಗೆ ನನಗೂ ಅದೇ ಪ್ರಶ್ನೆ. ಮೊದಲ ವರ್ಷಗಳಲ್ಲಿ ಶಿಫ್ಟಿಗೆ ಮುಂಚೆ, ಕಳ್ಳರನ್ನು ನನ್ನ ಕೈಗೆ ಸಿಗಿಸು ಸ್ವಾಮಿ ಎಂದು ಪ್ರಾರ್ಥನೆ ಮಾಡುತ್ತಿದ್ದೆ. ಆಮೇಲೆ, ಇವತ್ತು ಯಾರೂ ಸಿಗದಿರಲಿ ಎಂದು. ಎರಡಕ್ಕೂ ದೇವರು ಒಂದೇ ಥರ ಸುಮ್ಮನಿದ್ದ.

ಈಗ ಲಕ್ಷ್ಮೀದೇವಿಯ ವಿಷಯ.

ಅವಳ ಊರು ಕಲ್ಯಾಣದುರ್ಗದ ಆಚೆ, ಬೆಳುಗುಪ್ಪದ ದಾರಿಯಲ್ಲಿ. ಹತ್ತೊಂಬತ್ತು ವರ್ಷವಿರಬಹುದು. ತನ್ನೂರಿನ ಇನ್ನೂ ನಾಲ್ಕು ಹುಡುಗಿಯರ ಜೊತೆ ಹಿಂದೂಪುರದಲ್ಲಿ ಒಂದು ರೂಮು ಮಾಡಿಕೊಂಡಿದ್ದಳು. ಸಾಲಿನಲ್ಲಿ ನಿಂತಾಗ ಕೈ ತಾನಾಗಿ ಅಗಲಿಸಿ, "ನೋಡಕ್ಕ, ಹಾರ್ತೀನಿ ಈಗ" ಎಂದು ತಮಾಷೆ ಮಾಡುತ್ತಿದ್ದಳು.

ಆ ತಿಂಗಳು ಮಾಲು ಕಡಿಮೆ ಬರುತ್ತಿದೆ ಎಂದು ಮೇಲಿನವರ ಕೂಗು. ಆಳುಗಳ ವಿಚಾರ ನೋಡುವ ಪರ್ಸನಲ್ ಸಾಹೇಬರು ನನ್ನನ್ನು ಕರೆದು, "ಮೂರು ವಾರದಿಂದ ಒಂದೂ ಕೇಸ್ ಹಿಡಿದಿಲ್ಲ. ನಿದ್ದೆ ಮಾಡ್ತೀಯಾ?" ಎಂದರು. ಅಂದು ಸಾಯಂಕಾಲ ಅವರೂ ಸುಬೇದಾರ್ ಸಾರೂ, ನಾನು ತಡವುವ ಜಾಗಕ್ಕೆ ಕಟ್ಟಿದ್ದ ಪರದೆಯ ಆಚೆ ನಿಂತಿದ್ದರು. ನನಗೆ ಕೆಲಸ ಹೋಗುವ ಭಯ. ಭಯವಿದ್ದಾಗ ಕೈ ಗಡುಸಾಗುತ್ತದೆ. ಲಕ್ಷ್ಮೀದೇವಿಯ ಲಂಗದ ಲಾಡಿಯ ಹತ್ತಿರ ಏನೋ ದಪ್ಪ ಸಿಕ್ಕಿತು. ಎಳೆದೆ. ಬನಿಯನ್ ಬಟ್ಟೆಯ ನಾಲ್ಕು ಚೂರು, ಉದ್ದಕ್ಕೆ ಮೂರು ಮಡಿಕೆ ಹಾಕಿ ಇಟ್ಟಿದ್ದು.

ಆ ಮಡಿಕೆ ಯಾವ ಹೆಂಗಸಿಗೂ ಗೊತ್ತು. ತಿಂಗಳ ಮೂರು ದಿನಕ್ಕೆ ಇಟ್ಟುಕೊಳ್ಳುವ ಬಟ್ಟೆ ಅದು. ಕಟಿಂಗ್ ಟೇಬಲ್ಲಿನ ಕೆಳಗೆ ಬಿದ್ದ ಚೂರುಗಳನ್ನು ಆಯ್ದು ಮಡಿಸಿಟ್ಟುಕೊಂಡಿದ್ದಳು. ಆ ಚೂರುಗಳನ್ನು ಕಂಪನಿ ಮೂಟೆ ಕಟ್ಟಿ ಗುಜರಿಯವನಿಗೆ ಹಾಕುತ್ತಿತ್ತು.

"ಏನ್ ಸಿಕ್ತು?" ಎಂದರು ಪರ್ಸನಲ್ ಸಾಹೇಬರು, ಪರದೆಯ ಆಚೆಯಿಂದ.

ನಾನು ಹೇಳಬೇಕಾದ ಮಾತು ಒಂದೇ ಇತ್ತು. ಇಬ್ಬರು ಗಂಡಸರ ಮುಂದೆ ಅದು ಬಾಯಿಗೆ ಬರಲಿಲ್ಲ. "ಕಂಪನಿ ಬಟ್ಟೆ ಸಾರ್" ಎಂದೆ.

ಅವರು ಅವಳನ್ನು ಹೊರಗೆ ಕರೆದು ಸಾಲಿನ ಮುಂದೆ ನಿಲ್ಲಿಸಿದರು. "ಯಾಕೆ ತಗೊಂಡೆ?" ಎಂದರು. ಅವಳು ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಅವಳಿಗೂ ಅದೇ ಮಾತು ಬಾಯಿಗೆ ಬರಲಿಲ್ಲ. ಮಾತಾಡದವಳು ಕಳ್ಳಿ ಎಂದಾಯಿತು. ಅಂದೇ ಕಾರ್ಡು ಕಿತ್ತುಕೊಂಡು ಕಳಿಸಿದರು.

ನಿಮಗೆ ವಿಚಿತ್ರ ಅನಿಸಬಹುದು. ಈಗ ಟಿವಿಯಲ್ಲೇ ಪ್ಯಾಡು ತೋರಿಸುತ್ತಾರೆ. ಆಗ ನಮ್ಮ ಕಡೆ ಆ ಒಂದು ಮಾತಿಗೆ ನಾಚಿ ಒಬ್ಬಳ ಹೊಟ್ಟೆಪಾಡನ್ನೇ ಕಳೆದೆವು. ಬಾಯಿ ಮುಚ್ಚಿದ್ದರಲ್ಲಿ ನಾಚಿಕೆ ಎಷ್ಟು, ನನ್ನ ಕೆಲಸದ ಭಯ ಎಷ್ಟು, ಇವತ್ತಿಗೂ ಬಿಡಿಸಿ ನೋಡುತ್ತಿದ್ದೇನೆ. ಬಿಡಿಸಲು ಬರುವುದಿಲ್ಲ.

ಮೂರು ವಾರ ಕಳೆಯಿತು. ಚರ್ಚಿನಲ್ಲಿ ಸುಗ್ಗಿಯ ಆರಾಧನೆ. ಅಯ್ಯಗಾರು, ಅಂದರೆ ನಮ್ಮ ಪಾದ್ರಿ, ಅಂದು ಮೋಶೆಯ ಕಾಲದ ಆಜ್ಞೆ ವಿವರಿಸಿದರು. ಹೊಲ ಕೊಯ್ಯುವಾಗ ಮೂಲೆ ಮೂಲೆ ಬಳಿದುಕೊಳ್ಳಬೇಡಿ, ಕೆಳಗೆ ಬಿದ್ದದ್ದನ್ನು ಬಗ್ಗಿ ಎತ್ತಬೇಡಿ, ಅದು ಬಡವರಿಗೂ ಪರದೇಶಿಗಳಿಗೂ ಸೇರಿದ್ದು ಎಂದು. ಎಷ್ಟು ಸಲ ಕೇಳಿದ್ದೆನೋ. ಆ ದಿನ ಮಾತ್ರ ಕಣ್ಣ ಮುಂದೆ ಹೊಲ ಬರಲಿಲ್ಲ, ಕಟಿಂಗ್ ಟೇಬಲ್ಲಿನ ಕಾಲುಗಳ ನಡುವೆ ಬಿದ್ದ ಬಿಳೀ ಚೂರುಗಳು ಬಂದವು.

ಆರಾಧನೆ ಮುಗಿದ ಮೇಲೆ ಅಯ್ಯಗಾರಿಗೆ ಎಲ್ಲವನ್ನೂ ಹೇಳಿದೆ, ಆ ಮಾತೊಂದನ್ನು ಬಿಟ್ಟು. ಅವರು ಒಳ್ಳೆಯವರು. "ಆ ಹುಡುಗಿಗೆ ಏನಾದ್ರೂ ಸಹಾಯ ಮಾಡಮ್ಮ. ಹಿಡಿಯಕ್ಕಿಯಿಂದ ತಗೊಂಡ್ಹೋಗು" ಎಂದರು. ನಮ್ಮ ಹೆಂಗಸರು ದಿನಾ ಅನ್ನಕ್ಕೆ ಇಡುವಾಗ ಒಂದು ಹಿಡಿ ಅಕ್ಕಿ ತೆಗೆದಿಟ್ಟು, ತಿಂಗಳಿಗೊಮ್ಮೆ ಚರ್ಚಿಗೆ ತರುತ್ತಾರೆ. ಅದೇ ಹಿಡಿಯಕ್ಕಿ. ದೊಡ್ಡ ಚೀಲವನ್ನೇ ಕಟ್ಟಿಕೊಟ್ಟರು. ನನಗೆ ಹಗುರವೆನಿಸಿತು. ಅಕ್ಕಿ ಕೊಟ್ಟು ಬಂದರೆ ಮುಗಿಯಿತು ಅಂದುಕೊಂಡೆ.

ಮುಂದಿನ ಭಾನುವಾರ ಆರಾಧನೆಗೆ ಹೋಗದೆ, ಬೆಳಗಿನ ಮೊದಲ ಬಸ್ಸು ಹತ್ತಿದೆ. ಬಸ್ಸು ಬದಲಿಸಿ ಕಲ್ಯಾಣದುರ್ಗ, ಅಲ್ಲಿಂದ ಆಟೋದಲ್ಲಿ ಅವಳ ಊರು. ಕಡಲೆಕಾಯಿ ಕಿತ್ತು ಮುಗಿದ ಕಾಲ, ಕೆಂಪು ಹೊಲಗಳೆಲ್ಲ ಬೋಳು. ಮನೆ ಕೇಳಿದರೆ ಒಬ್ಬಾಕೆ ಮೂತಿ ತಿರುವಿದಳು. "ಆ ಫ್ಯಾಕ್ಟ್ರಿ ಕಳ್ಳೀನಾ? ರುದ್ರಪ್ಪನವ್ರ ಹೊಲ್ದಾಗವ್ಳೆ. ನಾವಂತೂ ಕಾಯಿ ಒಣಗಾಕಿದ್ ಕಣದ್ ತಾವ್ಕೆ ಅವಳ್ನ ಬಿಡಲ್ಲಪ್ಪ." ನಾನು ಹಿಂದೂಪುರದಲ್ಲಿ ಆಡಿದ ಎರಡು ಮಾತು ನನಗಿಂತ ಮೊದಲೇ ಬಸ್ಸು ಹತ್ತಿ ಬಂದು ಇಲ್ಲಿ ಕೂತಿತ್ತು.

ಹೊಲದ ಬದುವಿನಲ್ಲಿ ಹಣೆತುಂಬ ವಿಭೂತಿ ಇಟ್ಟ ಮುದುಕರು ಕೂತಿದ್ದರು. ಅವರೇ ರುದ್ರಪ್ಪನವರು, ಹೊಲದ ಒಡೆಯರು. ದೂರದಲ್ಲಿ ಲಕ್ಷ್ಮೀದೇವಿ ಕೈಗುದ್ದಲಿಯಿಂದ ನೆಲ ಕೆದಕುತ್ತಾ, ಮಣ್ಣಲ್ಲಿ ಉಳಿದ ಕಾಯಿಗಳನ್ನು ಆಯುತ್ತಿದ್ದಳು. ಹಕ್ಕಲು ಆಯುವುದು ಎನ್ನುತ್ತೇವಲ್ಲ, ಅದು.

ನನ್ನ ಬುದ್ಧಿ ನೋಡಿ. ಕೆಲಸದ ಚಾಳಿಯಲ್ಲಿ ಮೊದಲು ಕೇಳಿದ್ದೇ ಇದು: "ಅವಳು ಎಷ್ಟು ತಗೊಂಡ್ಹೋಗ್ತಾಳೆ, ನೀವು ನೋಡ್ಕೊಳ್ಳಲ್ವಾ ಯಜಮಾನ್ರೇ?"

ರುದ್ರಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾಕಮ್ಮ ನೋಡ್ಬೇಕು? ಕಿತ್ತಿದ್ದು ನಂದು. ನೆಲದಾಗ್ ಉಳಿದಿದ್ದು ಬಂದೋರ್ದು. ನಮ್ಮಪ್ಪನ ಕಾಲ್ದಿಂದ್ಲೂ ಅಂಗೇ."

"ಬೇಕೂಂತಲೇ ಜಾಸ್ತಿ ಉಳಿಸಿದ್ರೆ, ಆಳುಗಳು?"

"ಉಳಿಸ್ಲಿ. ಅಷ್ಟೂ ಬಳ್ಕೊಂಡ್ರೆ ಅದು ಒಕ್ಕಲುತನ ಅಲ್ಲ ಕಣಮ್ಮ, ದರೋಡೆ. ನಿಂದ್ಯಾವೂರು?"

"ಹಿಂದೂಪುರ. ಚರ್ಚಿನೋರು."

ಓಹೋ ಎಂದು ತಲೆಯಾಡಿಸಿದರು. ಬಾಯಾರಿದೆ ಎಂದಾಗ ಚೆಂಬನ್ನು ನನ್ನ ಕೈಗೆ ಕೊಡಲಿಲ್ಲ, ಮೇಲಿಂದ ಬೊಗಸೆಗೆ ನೀರು ಹೊಯ್ದರು. ಹಾಗೆ ಹೊಯ್ದವರೂ ಅವರೇ, ಹಕ್ಕಲು ಬಿಟ್ಟವರೂ ಅವರೇ. ಒಬ್ಬ ಮನುಷ್ಯನೊಳಗೆ ಎರಡೂ ಹೇಗೆ ಇರುತ್ತವೆ ಎಂದು ನೀರು ಕುಡಿಯುತ್ತಲೇ ಯೋಚಿಸಿದೆ. ಆಜ್ಞೆಯನ್ನು ಭಾನುವಾರ ಭಾನುವಾರ ಕೇಳಿದವಳು ನಾನು. ಕೇಳದೆಯೇ ನಡೆಸುತ್ತಿದ್ದವರು ಅವರು.

ಲಕ್ಷ್ಮೀದೇವಿ ನನ್ನನ್ನು ಕಂಡು ಎದ್ದು ನಿಂತಳು. ಮುಂಚಿನ ನಗು ಇರಲಿಲ್ಲ. ನಾನು ಅಕ್ಕಿ ಚೀಲ ಕೆಳಗಿಟ್ಟೆ.

"ಏನದು?"

"ಹಿಡಿಯಕ್ಕಿ ಕಣಮ್ಮ. ಚರ್ಚಿನಿಂದ."

"ನಾನೇನ್ ಅನ್ನ ಕೇಳಿದ್ನಾ ನಿಮ್ಮನ್ನ? ಎತ್ಕೊಳ್ಳಿ."

"ತಪ್ಪಾಯ್ತು ಲಕ್ಷ್ಮೀದೇವಿ. ನನಗೆ ಗೊತ್ತಿತ್ತು ಅದೇನು ಅಂತ."

"ಗೊತ್ತಿತ್ತು ಅಂತ ನನಗೂ ಗೊತ್ತಿತ್ತು. ನಿಮ್ ಮುಖ ನೋಡ್ದೆ ಆವತ್ತು." ಕೈಗುದ್ದಲಿಯ ಮಣ್ಣನ್ನು ಕಾಲಿಗೆ ಬಡಿದು ಉದುರಿಸಿದಳು. "ಈಗ ಇಲ್ ಬಂದು ಹೊಲದ ಮಧ್ಯ ಹೇಳ್ತಾ ಇದೀರ. ಕಾಗೆಗೆ ಕೇಳಿಸ್ತು. ಯಾರಿಗಾಯ್ತು ಲಾಭ?"

"ಏನ್ ಮಾಡ್ಲಿ ಹೇಳು."

"ಎಲ್ ಹೇಳಿದ್ರೋ ಅಲ್ಲೇ ಹೇಳಿ. ಅದೇ ಗೇಟು, ಅದೇ ಸಾಲು, ಅವರಿಬ್ರೂ ಇರ್ಬೇಕು. ನಮ್ಮೂರ ಹುಡ್ಗೀರು ನಾಲ್ಕು ಜನ ಅದೇ ಸಾಲಲ್ಲಿ ನಿಂತ್ಕೊಳ್ತಾರೆ. ಅವರ ಬಾಯಿಂದ್ಲೇ ಊರಿಗ್ ಬಂದಿದ್ದು, ಅವರ ಬಾಯಿಂದ್ಲೇ ವಾಪಸ್ ಬರ್ಲಿ."

"ಹೇಳ್ತೀನಿ."

"ಹೇಳಿದೆ ಅಂತ ಆಮೇಲೆ ಸುಳ್ಳು ಹೇಳ್ಬೋದು ನೀವು." ಬದುವಿನ ಕಡೆ ಕೈ ತೋರಿಸಿದಳು. "ರುದ್ರಪ್ಪಜ್ಜನ ಮನೇಲಿ ಫೋನೈತೆ. ನಾಳೆ ಎಂಟೂ ಕಾಲಿಗೆ ಅಲ್ಲಿ ಕೂತಿರ್ತೀನಿ. ನನಗೆ ಕೇಳಿಸ್ಬೇಕು."

ಬದುವಿಗೆ ಹೋದೆವು. ರುದ್ರಪ್ಪನವರು ನಂಬರು ಹೇಳಿದರು, ನನ್ನ ಕೈಮೇಲೆ ಅವರ ಪೆನ್ನಿನಲ್ಲಿ ಅವಳೇ ಬರೆದಳು. ಅಕ್ಕಿ ಚೀಲವನ್ನು ನನ್ನ ತಲೆಗೆ ಎತ್ತಿಕೊಟ್ಟಳು. ಅಷ್ಟು ದೂರ ಹೊತ್ತು ತಂದದ್ದನ್ನು ಅಷ್ಟೇ ದೂರ ಹೊತ್ತುಕೊಂಡು ಹೋದೆ. ಬಸ್ಸಿನಲ್ಲಿ ಮಡಿಲ ಮೇಲೆ ಅದು ಕಲ್ಲಿನ ಹಾಗೆ ಕೂತಿತ್ತು. ಅವಳಿಗೆ ಸಲ್ಲಬೇಕಾದದ್ದು ಒಂದು, ನಾನು ಕೊಡಲು ಹೋದದ್ದು ಇನ್ನೊಂದು. ದಾನ ಮಾಡುವುದು ಸುಲಭ, ಕೈ ಮುಂದೆ ಚಾಚಿದರೆ ಸಾಕು. ನ್ಯಾಯ ಮಾಡಬೇಕಾದರೆ ಮುಖವನ್ನೂ ಮುಂದಿಡಬೇಕು. ಇದನ್ನು ಯಾವ ಬೆಂಚಿನಲ್ಲಿ ಕೂತೂ ನಾನು ಕಲಿತಿರಲಿಲ್ಲ.

ಗೇಟಿನಲ್ಲಿ ಹೇಳಿದ ಮೇಲೆ ಏನಾಯಿತು ಎಂದು ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ. ನನ್ನ ಕೆಲಸ ಹೋಗಲಿಲ್ಲ, ಒಂದು ವಾರ ಹೊರಗೆ ಕೂರಿಸಿದರು, ಅಷ್ಟೆ. ಲಕ್ಷ್ಮೀದೇವಿಯನ್ನು ವಾಪಸ್ ಕರೆದರು, ಅವಳು ಬರಲಿಲ್ಲ. ಈಗ ಕಲ್ಯಾಣದುರ್ಗದಲ್ಲಿ ಸ್ವಂತ ಟೈಲರ್ ಅಂಗಡಿ ಇಟ್ಟಿದ್ದಾಳೆ. ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ಕೇಳಿಲ್ಲ. ಕಟಿಂಗ್ ಮಾಸ್ಟರ್ ಒಂದು ರಟ್ಟಿನ ಡಬ್ಬ ತಂದು ಒಳ್ಳೆಯ ಚೂರುಗಳನ್ನು ತುಂಬಿ, ಯಾರ ಅಪ್ಪಣೆಯೂ ಇಲ್ಲದೆ ಹೆಂಗಸರ ಕಕ್ಕಸಿನ ಹತ್ತಿರ ಇಡತೊಡಗಿದರು. ಆಮೇಲೆ ಗೇಟಿಗೆ, ಕಬ್ಬಿಣ ಸಿಕ್ಕರೆ ಕೀಂ ಎನ್ನುವ ಕೋಲು ಬಂತು, ಕ್ಯಾಮೆರಾ ಬಂತು. ಕೋಲು ಕತ್ತರಿಯನ್ನು ಹಿಡಿಯುತ್ತದೆ, ಬಟ್ಟೆಯನ್ನು ಹಿಡಿಯುವುದಿಲ್ಲ. ಹಾಗಾಗಿ ನಿಮ್ಮ ಕೈ ಇನ್ನೂ ಬೇಕು. ಕೈಗೆ ಸಿಕ್ಕದ್ದು ಏನು ಎಂದು ಕೇಳಿದರೆ ಪೂರ್ತಿ ಹೇಳಿ. ಅರ್ಧ ಹೇಳಿದರೆ ಅದೇ ಸುಳ್ಳು.

ಅವಳ ಊರಿನಿಂದ ಬಂದ ಮಾರನೆಯ ಬೆಳಿಗ್ಗೆ ಎಂಟಕ್ಕೇ ಗೇಟಿಗೆ ಹೋದೆ. ನನ್ನ ಹತ್ತಿರ ಫೋನಿರಲಿಲ್ಲ, ಲೈನಿನ ಸೂಪರ್‌ವೈಸರ್ ಹುಡುಗಿಯ ಮೊಬೈಲು ಇಸಕೊಂಡೆ. ಕೈಮೇಲಿನ ನಂಬರನ್ನು ಅವಳೇ ಒತ್ತಿಕೊಟ್ಟಳು. ಹೆಂಗಸರು ಒಳಗೆ ಹೋಗಲು ಸಾಲಾಗಿ ನಿಂತಿದ್ದರು. ಸುಬೇದಾರ್ ಸಾರ್ ಎಂದಿನಂತೆ ಗೇಟಿನಲ್ಲಿದ್ದರು. ಪರ್ಸನಲ್ ಸಾಹೇಬರ ಸ್ಕೂಟರು ಬಂದು ನಿಂತಿತು. ನಾನು ಗೇಟಿಗೆ ಅಡ್ಡ ನಿಂತು ಚಿಲಕ ಹಾಕಿದೆ.

"ಏನಮ್ಮಾ ಇದು, ಲೇಟಾಗ್ತಿದೆ. ಏನಿದ್ರೂ ಆಫೀಸಿಗೆ ಬಂದು ಹೇಳು" ಎಂದರು ಸಾಹೇಬರು.

"ಅವಳನ್ನ ನಿಲ್ಸಿದ್ದು ಇಲ್ಲೇ ಸಾರ್. ಇಲ್ಲೇ ಹೇಳ್ತೀನಿ."

ಫೋನನ್ನು ಮುಂದೆ ಎತ್ತಿ ಹಿಡಿದೆ. ಸಾಲಿನ ಕಡೆ ತಿರುಗಿದೆ.

"ಹೋದ ತಿಂಗ್ಳು ಲಕ್ಷ್ಮೀದೇವಿ ಸೊಂಟದಿಂದ ನಾನು ಎಳೆದಿದ್ದು ಮುಟ್ಟಿನ ಬಟ್ಟೆ. ನೆಲಕ್ಕೆ ಬಿದ್ದಿದ್ದ ಚೂರು. ಮುಟ್ಟಿದ ತಕ್ಷಣ ನನಗೆ ಗೊತ್ತಾಯ್ತು. ಗಂಡಸ್ರ ಮುಂದೆ ಹೇಳೋಕೆ ನಾಚ್ಕೊಂಡೆ, ನನ್ ಕೆಲ್ಸ ಹೋಯ್ತದೆ ಅಂತ ಹೆದರ್ದೆ. ಅವಳು ಕಳ್ಳಿ ಅಲ್ಲ. ತಪ್ಪು ನಂದು."

ಸಾಹೇಬರು ಸ್ಕೂಟರಿನ ಬೀಗದ ಕೈ ನೋಡುತ್ತಿದ್ದರು. ಸುಬೇದಾರ್ ಸಾರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಸಾಲಿನ ಮಧ್ಯದಲ್ಲಿ ಅವಳ ಊರಿನ ನಾಲ್ಕು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಫೋನನ್ನು ಕಿವಿಗಿಟ್ಟುಕೊಂಡೆ.

"ಕೇಳಿಸ್ತಾ ಲಕ್ಷ್ಮೀದೇವಿ?"

ಆ ಕಡೆ ಕೋಳಿ ಕೂಗುವುದು ಕೇಳಿತು. ಆಮೇಲೆ ಅವಳ ದನಿ ಬಂತು.

"ಸಾಲಿನ ಕೊನೇಲಿ ನಿಂತಿರೋರಿಗೆ ಕೇಳಿಸಿರಲ್ಲ. ಇನ್ನೊಂದ್ಸಲ ಹೇಳಿ. ಗಟ್ಟಿಯಾಗಿ."

ಇನ್ನೊಂದು ಸಲ ಹೇಳಿದೆ, ಗಟ್ಟಿಯಾಗಿ.